ಸಾವಂತ್ರಿಯ ಕಾಣದ ಪೌಡರು

ನಮ್ಮೂರಿನ ಬಸ್ ಡ್ರೈವರ್ ಮುದ್ದಯ್ಯ ಜನ ತುಂಬಿದ ಬಸ್ಸನ್ನು ಹಾಡಹಗಲಲ್ಲೇ ಚರಂಡಿಗೆ ಇಳಿಸಿದ. ಕುಡಿದಿರಲಿಲ್ಲ, ತೂಕಡಿಸಿರಲಿಲ್ಲ, ದನ ಕರು ಯಾವುದೂ ಅಡ್ಡ ಬಂದಿರಲಿಲ್ಲ. ಸ್ಟೇರಿಂಗಿನ ಪಕ್ಕದಲ್ಲಿ ತನ್ನ ಮುಖವನ್ನು ಸಿಕ್ಕಿಸಿಕೊಂಡು ಅದನ್ನೇ ನೋಡುತ್ತಾ ಬಂದಿದ್ದ, ಅಷ್ಟೇ. ಅಂಗೈ ಅಗಲದ ಒಂದು ಫೋಟೋ. ಬಸ್ಸಿನಿಂದ ಇಳಿದವರು ಮೊಣಕೈ ಮೊಣಕಾಲು ತಡವಿಕೊಳ್ಳುತ್ತಾ ಅವನ ವಂಶವನ್ನೆಲ್ಲ ಬಯ್ಯಲು ಶುರುಮಾಡಿದರು. ಫೋಟೋ ಕಣ್ಣಿಗೆ ಬಿದ್ದದ್ದೇ ತಡ, ಬಯ್ಗುಳ ಬಾಯಲ್ಲೇ ನಿಂತುಹೋಯಿತು. ಮುದ್ದಯ್ಯನೇ! ಜೋಲು ಮೀಸೆ, ಹರಿದ ಹುಬ್ಬು, ಬಲಗೆನ್ನೆಯ ನರಹುಲಿ, ಎಲ್ಲ ಇದ್ದದ್ದು ಇದ್ದ ಹಾಗೆ ಬಂದಿತ್ತು.

“ನನ್ನ ಮೊಕ ಕಣ್ರಪ್ಪೋ!” ಎಂದು ಮುದ್ದಯ್ಯ ಚರಂಡಿಯಲ್ಲೇ ನಿಂತು ಕೂಗಿದ. “ಪೇಟೇಲಿ ಶಾಮರಾಯ್ರು ಅಂತ ಒಬ್ರು ಬಂದವ್ರೆ. ಒಂದ್ ಪೆಟ್ಟಿಗೆ ಮುಂದೆ ಕೂರ್ಸಿ ಫಳಾರ್ ಅಂತ ಬೆಳಕು ಬುಟ್ರು. ಬೆಳಗಾದ್ರೆ ಕಾಗದದ ಮೇಲೆ ನಾನೇ ಕುಂತಿವ್ನಿ!”

ನೀವು ನಮ್ಮೂರಿನವರಲ್ಲ, ಆದ್ದರಿಂದ ಇದರಲ್ಲಿ ಅಂಥದ್ದೇನಿದೆ ಎಂದು ಕೇಳುತ್ತೀರಿ. ನಮ್ಮೂರಲ್ಲಿ ಹುಟ್ಟಿದವರ ಮುಖ ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ. ಹಿಂದಿನ ಗೋಡೆ ಕಾಣುತ್ತದೆ, ಗೋಡೆಯ ಮೇಲಿನ ಹಲ್ಲಿ ಕಾಣುತ್ತದೆ, ಕೊರಳಿನ ಸರವೂ ಕಾಣುತ್ತದೆ. ಮುಖ ಇರಬೇಕಾದ ಕಡೆ ಮಾತ್ರ ಏನೂ ಇರುವುದಿಲ್ಲ. ಬಾವಿಯ ನೀರಿನಲ್ಲೂ ಅಷ್ಟೇ, ಬೆಳಗಿದ ತಂಬಿಗೆಯಲ್ಲೂ ಅಷ್ಟೇ. ಪರಸ್ಥಳಕ್ಕೆ ಹೋಗಿ ಆಳೆತ್ತರದ ಕನ್ನಡಿಗಳ ಮುಂದೆ ನಿಂತು ನೋಡಿ ಬಂದವರಿದ್ದಾರೆ. ಸುಮ್ಮನೆ ಬಸ್ಸಿನ ಖರ್ಚು. ಹಾಗಂತ ನಾವೇನು ಕೆದರಿದ ತಲೆಯಲ್ಲಿ ತಿರುಗುತ್ತೇವೆ ಎಂದುಕೊಳ್ಳಬೇಡಿ. ಮಗುವಿಗೆ ಮೊದಲ ಹಲ್ಲು ಬಂದ ಕೂಡಲೇ ಅದಕ್ಕೊಂದು ಜೋಡಿಮುಖವನ್ನು ಗೊತ್ತುಮಾಡುತ್ತಾರೆ. ಅವತ್ತಿನಿಂದ ಸಾಯುವ ತನಕ ನನ್ನ ಮುಖ ನನ್ನ ಜೋಡಿಯ ಜವಾಬ್ದಾರಿ, ಜೋಡಿಯದು ನನ್ನದು. ಕಣ್ಣಿನ ಪಿಸುರು ಒರೆಸುವುದು, ಹಲ್ಲಿನ ಸಂದಿಯಲ್ಲಿ ಸೊಪ್ಪು ಸಿಕ್ಕಿದ್ದರೆ ಹೇಳುವುದು, ಕುಂಕುಮ ಸರಿ ಮಧ್ಯಕ್ಕೆ ಇಡುವುದು, ಪೌಡರು ಹಚ್ಚುವುದು, ಗಂಡಸರಾದರೆ ಗಡ್ಡ ಹೆರೆಯುವುದು. ಜೋಡಿಮುಖ ಬಿಟ್ಟು ಇನ್ನೊಬ್ಬರ ಕೈ ಮುಖಕ್ಕೆ ತಾಗಬಾರದು, ಕಟ್ಟಿಕೊಂಡ ಗಂಡನದ್ದೂ ಕೂಡ. ಜೋಡಿಗಳು ಜಗಳವಾಡಿ ಮಾತು ಬಿಡಬಹುದು, ಆದರೆ ಮುಖ ಬಿಡುವ ಹಾಗಿಲ್ಲ. ಹಿಂದಿನ ದಿನ ಬೀದಿಯಲ್ಲಿ ಜುಟ್ಟು ಹಿಡಿದುಕೊಂಡವರು ಬೆಳಗ್ಗೆ ಎದುರುಬದುರು ಕೂತು, ತುಟಿ ಪಿಟಕ್ಕೆನ್ನದೆ ಒಬ್ಬರ ಹಣೆ ಒಬ್ಬರು ಒರೆಸುತ್ತಿರುವುದನ್ನು ನೋಡಬೇಕು.

ನನ್ನ ಜೋಡಿಮುಖ ಸಾವಂತ್ರಿ. ನನ್ನ ಹೆಸರು ರಂಗನಾಯಕಿ, ಅವಳ ಬಾಯಲ್ಲಿ ರಂಗಿ. ಐವತ್ತು ದಾಟಿದ ಅವಳ ಮುಖ ನನಗೆ ನನ್ನ ಅಡುಗೆಮನೆಗಿಂತ ಚೆನ್ನಾಗಿ ಗೊತ್ತು. ಅಗಲವಾದ ಹಣೆ, ಎಡಗಡೆಯದಕ್ಕಿಂತ ಒಂಚೂರು ಮೇಲಿರುವ ಬಲಹುಬ್ಬು, ನಗುವಾಗ ಮೊದಲು ಕಣ್ಣು ಕಿರಿದಾಗಿ ಆಮೇಲೆ ತುಟಿ ಬಿಚ್ಚುವುದು. ಇವಳನ್ನು ಹೆತ್ತ ವಾರದಲ್ಲೇ ಇವಳ ತಾಯಿ ತೀರಿಕೊಂಡಳು. ಇವಳು ತಾಯಿಯ ಅಚ್ಚು ಎಂದು ಊರೆಲ್ಲ ಹೇಳುತ್ತಿತ್ತು. ಹಳೇ ತಲೆಮಾರಿನ ಹೆಂಗಸರು ಇವಳನ್ನು ಬೀದಿಯಲ್ಲಿ ನಿಲ್ಲಿಸಿಕೊಂಡು ಕಣ್ಣೀರು ಹಾಕುತ್ತಿದ್ದರು. ಸ್ವಂತ ಅಪ್ಪ ಊಟಕ್ಕೆ ಕೂತಾಗ ಇವಳ ಕಡೆ ತಿರುಗುತ್ತಿರಲಿಲ್ಲ, ತುತ್ತು ಇಳಿಯುವುದಿಲ್ಲ ಎನ್ನುತ್ತಿದ್ದ. ಅವ್ವನ ಮುಖ ಊರಿಗೆಲ್ಲ ಕಾಣುತ್ತಿತ್ತು, ಅದನ್ನು ಹೊತ್ತುಕೊಂಡು ಓಡಾಡುವ ಇವಳೊಬ್ಬಳಿಗೆ ಕಾಣುತ್ತಿರಲಿಲ್ಲ. ಚಿಕ್ಕವಳಾಗಿದ್ದಾಗಿನಿಂದ ಪ್ರತಿ ಬೆಳಗ್ಗೆ ನನ್ನ ಮುಂದೆ ಕೂತು, “ಇವತ್ತು ಅವ್ವ ಹೆಂಗವ್ಳೆ?” ಎಂದೇ ಕೇಳುತ್ತಾಳೆ. ನಾನು, “ಚೆಂದಾಗವ್ಳೆ,” ಅಂತಲೋ, “ಯಾಕೋ ರಾತ್ರಿ ನಿದ್ದೆ ಕೆಟ್ಟವ್ಳೆ,” ಅಂತಲೋ ಹೇಳುತ್ತೇನೆ. 

ಹಾಗಾಗಿ ಮುದ್ದಯ್ಯನ ಫೋಟೋ ಕೈಯಿಂದ ಕೈಗೆ ದಾಟಿ ಅವಳ ಕೈಗೆ ಬಂದಾಗ ಅವಳು ಕೂಗಾಡಲಿಲ್ಲ. ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ರಂಗೀ, ಅವ್ವನ್ನ ನೋಡಬೋದು ಕಣೇ,” ಅಂದಳು.  

ಈಗ ಪೌಡರಿನ ವಿಷಯಕ್ಕೆ ಬರುತ್ತೇನೆ, ಎಲ್ಲಾ ರಾದ್ಧಾಂತಕ್ಕೆ ಮೂಲ ಅದೇ. ಗಂಡ ಬದುಕಿದ್ದಾಗ ಸಾವಂತ್ರಿ ಅವನ ಜೊತೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾ ಪೇಟೆಯ ಟೂತ್‌ಪೇಸ್ಟ್ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಳು. ಪೇಸ್ಟಿನೊಳಗೆ ಹೋಗುವ ಬಿಳಿ ಪುಡಿಯ ಹೆಸರು ಸಿಲಿಕಾ ಎಂದು ಅಲ್ಲಿ ಕಲಿತು ಬಂದಳು. ಮರಳಿನಲ್ಲಿರುವುದೂ ಅದೇ, ಭತ್ತದ ಹೊಟ್ಟು ಸುಟ್ಟ ಬೂದಿಯಲ್ಲಿರುವುದೂ ಅದೇ. ಆದರೆ ಮರಳು ತಂದು ತಿಕ್ಕಿದರೆ ಕೊಳೆಯ ಜೊತೆ ಹಲ್ಲೂ ಸವೆದು ಹೋಗುತ್ತದೆ. ಅದನ್ನು ಕರಗಿಸಿ, ಹೊಸದಾಗಿ ಹುಟ್ಟಿಸಬೇಕು. ನಮ್ಮೂರಿನ ರೈಸ್ ಮಿಲ್ಲಿನ ಹಿಂದೆ ಹೊಟ್ಟಿನ ಬೂದಿ ಗುಡ್ಡದಂತೆ ಬಿದ್ದಿತ್ತು. ಮಿಲ್ ಮಾಲೀಕ ಕೆಂಚಪ್ಪನಿಗೆ ಅದು ತೊಲಗಿದರೆ ಸಾಕಾಗಿತ್ತು. ಸಾವಂತ್ರಿ ಆ ಬೂದಿಯನ್ನು ಕಾಸ್ಟಿಕ್ ಸೋಡಾದ ನೀರಿನಲ್ಲಿ ಕುದಿಸಿ ಸೋಸಿದರೆ ತಿಳಿಯಾದ ಪಾಕ ಬರುತ್ತಿತ್ತು. ಅದಕ್ಕೆ ತೊಟ್ಟು ತೊಟ್ಟಾಗಿ ಆಸಿಡ್ ಬಿಡುತ್ತಾ ತಿರುವಿದರೆ, ನೋಡನೋಡುತ್ತಿದ್ದಂತೆ ಪಾಕ ಮೊಸರಿನಂತೆ ಹೆಪ್ಪುಗಟ್ಟುತ್ತಿತ್ತು. ಆ ಮೊಸರನ್ನು ಉಪ್ಪು ಹೋಗುವ ತನಕ ತೊಳೆದು, ಒಣಗಿಸಿ, ಬೀಸಬೇಕು. ಪಾಕ ಎಷ್ಟು ಬಿಸಿ ಇತ್ತು, ಎಷ್ಟು ಜೋರಾಗಿ ತಿರುವಿದೆವು ಎನ್ನುವುದರ ಮೇಲೆ ಪುಡಿಯ ಗುಣ. ಒಂದು ಸಲ ಹಲ್ಲಿನ ಕಲೆ ತೆಗೆಯುವಷ್ಟು ಗಡುಸಾದ ಕಾಳು ಬರುತ್ತದೆ. ಇನ್ನೊಂದು ಸಲ ಹತ್ತಿಯಂತೆ ಹಗುರವಾದದ್ದು, ಹಿಡಿಯಷ್ಟು ಹಾಕಿದರೆ ಸಾಕು, ನೀರುನೀರಾದ ಪೇಸ್ಟು ಗಟ್ಟಿಯಾಗಿ ಬ್ರಷ್ಷಿನ ಮೇಲೆ ಅಲುಗದೆ ಕೂರುತ್ತದೆ. ನಮ್ಮೂರಿನವರ ಹಲ್ಲು ಒಂದೇ ವರ್ಷದಲ್ಲಿ ಮಿಂಚತೊಡಗಿತು.

ಆಮೇಲೆ ಅವಳ ಕಣ್ಣು ಮುಖದ ಪೌಡರಿನ ಮೇಲೆ ಬಿತ್ತು. ನಮ್ಮ ಹಳೇ ಪೌಡರು ಎಂದರೆ ಸೀಮೆಸುಣ್ಣ ಮತ್ತು ಅಕ್ಕಿಹಿಟ್ಟು. ಬೆವರು ಬಿದ್ದರೆ ಗಂಜಿ, ಒಣಗಿದರೆ ಸುಣ್ಣ ಬಳಿದ ಗೋಡೆ. ಊರಿನ ಜೋಡಿಗಳ ಜಗಳದಲ್ಲಿ ಮುಕ್ಕಾಲು ಪಾಲು ಪೌಡರಿನದ್ದೇ ಆಗಿತ್ತು. ಯಾರದೋ ಮದುವೆಗೆ ಹೋಗಿ ಉಂಡು ಎಲೆ ಎತ್ತಿದ ಮೇಲೆ ಯಾರೋ ಕಿಸಕ್ಕನೆ ನಕ್ಕಾಗಲೇ ನಿಮ್ಮ ಮುಖಕ್ಕೆ ಏನಾಗಿದೆ ಎಂದು ನಿಮಗೆ ತಿಳಿಯುವುದು! ಸಾವಂತ್ರಿ ಹಟಕ್ಕೆ ಬಿದ್ದು, ಬೂದಿಯ ಮೇಲೆ ಬೂದಿ ಕುದಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೀಸಿ ಜರಡಿ ಹಿಡಿದು, ಕೊನೆಗೊಂದು ಪುಡಿ ತೆಗೆದಳು. ಮುಟ್ಟಿದರೆ ಬೆರಳಿಗೆ ಏನೂ ಮುಟ್ಟಿದಂತಿಲ್ಲ. ಸುಡುಬಿಸಿಲಿನ ಒಂದು ಮಧ್ಯಾಹ್ನ ಅದನ್ನು ಅವಳ ಜಿಡ್ಡು ಮುಖಕ್ಕೆ ಹಚ್ಚಿದವಳು ನಾನೇ. ಹಚ್ಚಿದೆ, ನೋಡಿದೆ, ಪೌಡರು ಇಲ್ಲ! ಜಿಡ್ಡೂ ಇಲ್ಲ, ಬೆವರೂ ಇಲ್ಲ. ಚರ್ಮದ ಬಣ್ಣ ಇದ್ದದ್ದೇ ಇತ್ತು, ಆದರೆ ಚೆನ್ನಾಗಿ ನಿದ್ದೆ ಮಾಡಿ ಎದ್ದವರ ಹಾಗೆ ಮುಖ ನಯವಾಗಿತ್ತು. ಕಣ್ಣಿನ ಕೆಳಗಿನ ಗೆರೆಗಳನ್ನು ಯಾರೋ ಉಜ್ಜಿ ತೆಗೆದಂತಿತ್ತು.

“ಎಲ್ಲೇ ಹೋಯ್ತು ಪೌಡರು?” ಎಂದು ನಾನು ಬಾಯಿ ಬಿಟ್ಟುಕೊಂಡು ಕೇಳಿದೆ.

“ಅಲ್ಲೇ ಐತೆ ಕಣೇ. ಜಿಡ್ಡೆಲ್ಲ ಕುಡ್ಕಂಡು ತೆಪ್ಪಗೆ ಕುಂತೈತೆ,” ಎಂದು ಸಾವಂತ್ರಿ ಕುಣಿಯುವುದೊಂದು ಬಾಕಿ.

ಊರು ಆ ಪೌಡರಿಗೆ ಮುಗಿಬಿತ್ತು. ಜೋಡಿಗಳ ಜಗಳ ನಿಂತಿತು. ಆದರೆ ಒಂದು ಹೊಸ ಚಾಳಿ ಶುರುವಾಯಿತು. ಪೌಡರು ಕಾಣುವುದಿಲ್ಲವಲ್ಲ, ಹಾಗಾಗಿ ಎಷ್ಟು ಹಚ್ಚಿದರೆ ಸಾಕು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. “ಇನ್ನೊಂಚೂರು ಇರ್ಲಿ,” ಎನ್ನುವುದು ಬಾಯಿಪಾಠವಾಯಿತು. ದಿನಕ್ಕೆ ಒಂದು ಚಿಟಿಕೆ ಬೇಕಾದ ಕಡೆ ಬೊಗಸೆ ಹೋಗುತ್ತಿತ್ತು. ಎಷ್ಟು ಬಳಿದರೂ ಕೆಡುಕು ಕಾಣದ ಮೇಲೆ ಬೇಡ ಎನ್ನುವವರು ಯಾರು?

ಮುದ್ದಯ್ಯ ಚರಂಡಿಯಿಂದ ಬಸ್ಸನ್ನು ಎತ್ತಿಸಿದವನೇ ಪೇಟೆಗೆ ವಾಪಸು ಓಡಿಸಿ ಶಾಮರಾಯರನ್ನು ಕರೆದುಕೊಂಡೇ ಬಂದ. ತೆಳ್ಳಗೆ ಉದ್ದಕ್ಕಿದ್ದ ಶಾಮರಾಯರಿಗೆ ಎದುರಿಗಿರುವ ಎಲ್ಲರನ್ನೂ ಒಂದು ಕಣ್ಣು ಮುಚ್ಚಿ ನೋಡುವ ಅಭ್ಯಾಸ. ಅವರು ನಾಟಕ ಕಂಪನಿಯೊಂದರ ಜೊತೆ ಊರೂರು ಸುತ್ತುವವರು. ಕಂಪನಿ ಮಾರನೆಯ ದಿನ ದೇಶಾಂತರ ಹೊರಡುವುದರಲ್ಲಿತ್ತು. “ಇವತ್ತು ಮಧ್ಯಾಹ್ನ ತೆಗೀತೀನಿ, ನಾಳೆ ಬೆಳಿಗ್ಗೆ ಕೊಡ್ತೀನಿ, ನಾಳೆ ಮಧ್ಯಾಹ್ನದ ಬಸ್ಸಿಗೆ ನಾನು ಹೋಗಲೇಬೇಕು. ಮತ್ತೆ ಈ ಕಡೆ ಬರ್ತೀನಿ ಅಂತ ಹೇಳೋಕಾಗಲ್ಲ,” ಎಂದು ಮೊದಲೇ ಹೇಳಿಬಿಟ್ಟರು. ಕೆಂಚಪ್ಪ ಮಿಲ್ಲಿನ ಗೋಡೌನು ಬಿಟ್ಟುಕೊಟ್ಟ. ಅಲ್ಲಿ ಕಿಟಕಿ ಇರಲಿಲ್ಲ, ಆದರೆ ಶಾಮರಾಯರ ಹತ್ತಿರ ಫ್ಲಾಶ್ ಬಲ್ಬುಗಳಿದ್ದವು. ರೋಲು ಸಾಲದು ಎಂದು ಜೋಡಿಮುಖಗಳು ಒಟ್ಟಿಗೆ ಕೂರುವುದು ಎಂದು ತೀರ್ಮಾನವಾಯಿತು.

ಅವತ್ತಿನ ಗಲಾಟೆಯನ್ನು ಏನೆಂದು ಹೇಳಲಿ! ಒಲೆ ಮೇಲಿನ ಸಾರು ಒಲೆ ಮೇಲೆಯೇ ಸೀದುಹೋಯಿತು. ಮಗ್ಗದವರು ಮಗ್ಗ ಬಿಟ್ಟು ಬಂದರು, ಜೋಡಿಯ ಮುಂದೆ ಕೂತು ಅರ್ಧ ಗಡ್ಡ ಹೆರೆಸಿಕೊಂಡವರು ನೊರೆ ಸಮೇತ ಬಂದು ಸಾಲಿನಲ್ಲಿ ನಿಂತರು. ಸಾವಂತ್ರಿಯ ಮನೆಯ ಮುಂದೆ ಪೌಡರಿಗೆ ನೂಕುನುಗ್ಗಲು. ಜೀವಮಾನದಲ್ಲಿ ಮೊದಲ ಸಲ ತಮ್ಮ ಮುಖ ನೋಡಿಕೊಳ್ಳುವವರು ಮೂರು ಕೈ ಜಾಸ್ತಿ ಹಚ್ಚಿಸಿಕೊಳ್ಳದೆ ಬಿಡುತ್ತಾರೆಯೇ? ಡಬ್ಬಗಳು ಖಾಲಿಯಾದವು, ಜರಡಿಯ ಅಂಚಿನಲ್ಲಿ ಅಂಟಿದ್ದನ್ನೂ ಕೊಡವಿಕೊಂಡು ಹೋದರು. ಅವಳಿಗೆಂದು ನಾನು ಒಂದು ಬಟ್ಟಲು ಬಚ್ಚಿಟ್ಟಿದ್ದೆ. ಅದಷ್ಟನ್ನೂ ಅವಳ ಮುಖಕ್ಕೇ ಸುರಿದೆ.

“ಸಾಕು ಬುಡೇ,” ಅಂದಳು.

“ಅವ್ವ ಬತ್ತಾವ್ಳೆ, ಸುಮ್ಕೆ ಕುಂತ್ಕೊ,” ಅಂದೆ.

ಗೋಡೌನಿನಲ್ಲಿ ಅವಳು ನನ್ನ ಪಕ್ಕ ಸ್ಟೂಲಿನ ಮೇಲೆ ಕೂತಳು. ಶಾಮರಾಯರು ಕರಿಬಟ್ಟೆಯೊಳಗಿಂದ ತಲೆ ಹೊರಗೆ ಹಾಕಿ, “ನಗಿ ಅಮ್ಮಾ,” ಅಂದರು. “ನನ್ನವ್ವ ಹೆಂಗ್ ನಗ್ತಿದ್ಲೋ ನಂಗ್ ಗೊತ್ತಿಲ್ವಲ್ಲ ಸಾಮಿ,” ಅಂದಳು ಸಾವಂತ್ರಿ. ರಾಯರಿಗೆ ಏನೂ ಅರ್ಥವಾಗಲಿಲ್ಲ. ಫಳಾರನೆ ಬೆಳಕು ಹೊಡೆಯಿತು.

ಬೆಳಗ್ಗೆ ಊರಿಗೆ ಊರೇ ಮಿಲ್ಲಿನ ಅಂಗಳದಲ್ಲಿ ಸೇರಿತ್ತು. ಶಾಮರಾಯರು ಬಾಗಿಲು ತೆರೆದು ಹೊರಗೆ ಬಂದರು. ಅವರ ಮುಖ ನೋಡಿದರೆ ಯಾರದೋ ಸಾವಿನ ಸುದ್ದಿ ತಂದವರಂತಿತ್ತು. ಹಗ್ಗಕ್ಕೆ ನೇತುಹಾಕಿದ್ದ ಫೋಟೋಗಳನ್ನು ಒಂದೊಂದಾಗಿ ಬಿಡಿಸಿ ಕೊಟ್ಟರು. ಸೀರೆಯ ಅಂಚು ಸ್ಪಷ್ಟವಾಗಿತ್ತು, ಅಂಗಿಯ ಗುಂಡಿ ಎಣಿಸಬಹುದಿತ್ತು. ಕೊರಳಿನ ಮೇಲೆ ಮಾತ್ರ ಹಿಟ್ಟಿನ ಉಂಡೆ. ಬೆಳ್ಳನೆಯ ಮುದ್ದೆಯಲ್ಲಿ ಎರಡು ಕಣ್ಣಿನ ತೂತು, ಕೆಳಗೆ ಸಾಲಾಗಿ ಹಲ್ಲು. ಹಲ್ಲು ಮಾತ್ರ ಬಹಳ ಚೆನ್ನಾಗಿ ಬಂದಿತ್ತು. ಒಂದು ಫೋಟೋ ಆದರೆ ನಗಬಹುದಿತ್ತು, ಎಲ್ಲಾ ಅದೇ. ಕೆಂಚಪ್ಪನದೂ ಮುದ್ದೆ, ಅವನ ಜೋಡಿಯದೂ ಮುದ್ದೆ, ನಾನೂ ಮುದ್ದೆ, ನನ್ನ ಪಕ್ಕದಲ್ಲಿ ಸಾವಂತ್ರಿಯೂ ಮುದ್ದೆ.

ಶಾಮರಾಯರು ಹೆಂಗಸೊಬ್ಬಳ ಕೈಯಲ್ಲಿದ್ದ ಪೌಡರ್ ಡಬ್ಬವನ್ನು ತೆಗೆದುಕೊಂಡು ಬೆರಳಲ್ಲಿ ತಿಕ್ಕಿ ನೋಡಿದರು. “ಇದೇ! ನಾಟಕದವರಲ್ಲಿ ಒಬ್ಬರು ಇಂಥದ್ದೇ ಹಚ್ಕೊಂಡು ಹೀಗೇ ಆಗಿತ್ತು. ಕಣ್ಣಿಗೆ ಇದು ಕಾಣಲ್ಲ, ಆದರೆ ಫ್ಲಾಶ್ ಬೆಳಕು ಬಿದ್ದರೆ ಅಷ್ಟನ್ನೂ ವಾಪಸು ಎಸೆಯುತ್ತೆ. ಒಂಚೂರಾದರೆ ಪರವಾಗಿಲ್ಲ, ಈ ಡ್ರೈವರದು ಅದಕ್ಕೇ ಸರಿಯಾಗಿ ಬಂದಿತ್ತು. ನೀವು ಎಷ್ಟು ಬಳ್ಕೊಂಡಿದ್ರಿ?” ಎಂದರು.

 ಎಲ್ಲರ ಕಣ್ಣೂ ಸಾವಂತ್ರಿಯ ಕಡೆ ತಿರುಗಿತು. ಆಮೇಲೆ ಶುರುವಾಯಿತು ನೋಡಿ. ಹಿಂದಿನ ದಿನ ಇವಳ ಮನೆ ಬಾಗಿಲಲ್ಲಿ ಹಲ್ಲು ಗಿಂಜಿಕೊಂಡು ನಿಂತಿದ್ದವರೇ ತೋಳೇರಿಸಿಕೊಂಡು ಬಂದರು. “ಹುಟ್ಟಿದಾಗಿಂದ ಕಾಯ್ಕೊಂಡಿದ್ದ ಮೊಕ ಕಣಮ್ಮೀ! ಬೂದಿ ಹಚ್ಬುಟ್ಟಲ್ಲ!” ಎಂದು ಕೆಂಚಪ್ಪ ಗುಡುಗಿದ. ನನಗೆ ಎಲ್ಲಿತ್ತೋ ಸಿಟ್ಟು. “ನಿನ್ನ ಮಿಲ್ಲಿನದೇ ಬೂದಿ ಕಣಯ್ಯಾ! ಬೊಗಸೆಗಟ್ಲೆ ಬಳ್ಕೊ ಅಂತ ಅವ್ಳು ಹೇಳಿದ್ಲಾ?” ಎಂದು ನಾನೂ ತಿರುಗಿಬಿದ್ದೆ. ಸಾವಂತ್ರಿ ಮಾತ್ರ ಯಾರ ಮಾತನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಆ ಬಿಳಿ ಮುದ್ದೆಯನ್ನು ಬೆಳಕಿಗೆ ಹಿಡಿದು, ಓರೆ ಮಾಡಿ, ಹತ್ತಿರ ತಂದು, ದೂರ ಹಿಡಿದು ನೋಡುತ್ತಿದ್ದಳು. ಅದರೊಳಗೆ ಅವ್ವ ಎಲ್ಲೋ ಇದ್ದಾಳೆ, ಸರಿಯಾಗಿ ನೋಡಿದರೆ ಸಿಕ್ಕಿಯೇ ಸಿಗುತ್ತಾಳೆ ಎನ್ನುವಂತೆ. ಅದನ್ನು ನೋಡಲಾರದೆ ನಾನು ಬೇರೆ ಕಡೆ ತಿರುಗಿಕೊಂಡೆ.

“ಇನ್ನೊಂದು ಸಲ ತೆಗೀರಿ ಸಾಮಿ,” ಎಂದು ಮುದ್ದಯ್ಯ ಗೋಗರೆದ. ಶಾಮರಾಯರು ಬರಿಗೈ ಅಲ್ಲಾಡಿಸಿದರು. ಬಲ್ಬುಗಳೆಲ್ಲ ಮುಗಿದಿದ್ದವು. ರೋಲಿನಲ್ಲಿ ಉಳಿದಿದ್ದದ್ದು ಒಂದೇ ಒಂದು. ಅದನ್ನು ಬಿಸಿಲಲ್ಲಿ ತೆಗೆಯಬಹುದು, ಬಸ್ಸಿಗೆ ಮೊದಲು ತೊಳೆದು ಕೊಡಬಹುದು, ಆದರೆ ಒಂದೇ.

ಒಂದೇ ಎಂದದ್ದೇ ತಡ, ನನಗೆ ತನಗೆ ಎಂದು ಮತ್ತೆ ಕಿತ್ತಾಟ. ಆಗ ಸಾವಂತ್ರಿ ತಲೆ ಎತ್ತಿದಳು. “ಎಲ್ರೂ ಒಟ್ಗೆ ನಿಂತ್ಕಂಡ್ರೆ?” ಅಂದಳು. “ಮಿಲ್ಲಿನ ಮೆಟ್ಲ ಮೇಲೆ ಒತ್ತೊತ್ತಾಗಿ ನಿಂತ್ಕಳಾನ. ಚಿಕ್ಕದಾದ್ರೆ ಏನು, ಮೊಕ ಮೊಕವೇ ಅಲ್ವಾ?”

 ಜನ ಹೋ ಎಂದು ಮೆಟ್ಟಿಲ ಕಡೆ ನುಗ್ಗಿದರು. ಆದರೆ ಕೆಂಚಪ್ಪ ಮೆಟ್ಟಿಲಿಗೆ ಅಡ್ಡ ನಿಂತು, “ಎಲ್ರೂ ಬರ್ಲಿ, ಇವ್ಳೊಬ್ಳು ಬ್ಯಾಡ. ನಮ್ಮ ಮೊಕ ಕೆಡ್ಸಿದೋಳು ಇವ್ಳು,” ಅಂದ. ಹೌದೌದು ಎಂದು ಕೆಲವರು ತಲೆಯಾಡಿಸಿದರು. “ಅವ್ಳಿಲ್ದೆ ಹೋದ್ರೆ ನಾನೂ ಇಲ್ಲ,” ಎಂದು ನಾನು ಅಂದೆ. ನಾನು ಇದ್ದರೆಷ್ಟು ಬಿಟ್ಟರೆಷ್ಟು, ಯಾರೂ ಕೇಳಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಹಿಂದಿನ ದಿನದ ಪೌಡರು ಹೋಗಲೆಂದು ಕೊಳದಲ್ಲಿ ಮುಖ ತೊಳೆದು ಬಂದಿದ್ದ ಹೆಂಗಸೊಬ್ಬಳು ತನ್ನ ಜೋಡಿಯನ್ನು, “ಹೋಯ್ತೇನೇ?” ಎಂದು ಕೇಳಿದಳು. ಜೋಡಿ ಹತ್ತಿರ ಬಂದು ನೋಡಿದಳು, ಕಣ್ಣು ಕಿರಿದು ಮಾಡಿ ನೋಡಿದಳು. “ಇದ್ದಾಗ್ಲೂ ಕಾಣ್ತಿರ್ಲಿಲ್ಲ, ಈಗ್ಲೂ ಕಾಣಕ್ಕಿಲ್ಲ. ಹೋಗೈತೆ ಅಂತ ಹೆಂಗೇ ಹೇಳ್ಲಿ?” ಅಂದಳು. ಮೆಟ್ಟಿಲ ಮೇಲಿದ್ದವರೆಲ್ಲ ಗಾಬರಿಯಿಂದ ಒಬ್ಬರನ್ನೊಬ್ಬರು ನೋಡಿಕೊಂಡರು. ಇರುವುದೊಂದೇ ಫೋಟೋ. ಬಿಸಿಲಲ್ಲೂ ಪೌಡರು ಕಾಟ ಕೊಟ್ಟರೆ ಏನು ಗತಿ? ಶಾಮರಾಯರಿಗೂ ಅಷ್ಟು ಗಟ್ಟಿಯಾಗಿ ಹೇಳಲಾಗಲಿಲ್ಲ.

“ಮುಟ್ಟಿದ್ರೆ ತಿಳೀತದೆ,” ಎಂದು ಸಾವಂತ್ರಿ ಹೆಬ್ಬೆರಳು ತೋರಿಸಿದಳು. “ಪೌಡರಿದ್ರೆ ಬೆಳ್ಳು ಜಾರ್ತದೆ. ಬರೀ ಚರ್ಮ ಆದ್ರೆ ಬೆಳ್ಳ ಹಿಡ್ಕತದೆ. ನನ್ನ ಬೆಳ್ಳಿಗೆ ಗೊತ್ತಾಯ್ತದೆ.”

ಜೋಡಿ ಬಿಟ್ಟು ಬೇರೆಯವರ ಕೈ! ನಮ್ಮೂರಲ್ಲಿ ಯಾರೂ ಯಾವತ್ತೂ ಕೇಳದ ಮಾತು. ಮದುವೆಯಾದ ಹೊಸದರಲ್ಲಿ ನನ್ನ ಗಂಡ ನನ್ನ ಗಲ್ಲ ಹಿಡಿದದ್ದಕ್ಕೆ ಅವನ ತಾಯಿ ಮೂರು ದಿನ ಮಾತಾಡಿರಲಿಲ್ಲ. ಬಿಸಿಲು ಏರುತ್ತಿತ್ತು. ಶಾಮರಾಯರು ಒಂದು ಕಣ್ಣು ಮುಚ್ಚಿ ಸೂರ್ಯನನ್ನು ನೋಡಿ, ಬಸ್ಸಿನ ಕಡೆ ನೋಡಿದರು. ಮೊದಲು ಮುಂದೆ ಬಂದವನು ಮುದ್ದಯ್ಯ. ಕಣ್ಣು ಬಿಗಿಯಾಗಿ ಮುಚ್ಚಿ, ಇಂಜೆಕ್ಷನ್ನಿಗೆ ನಿಂತವನ ಹಾಗೆ ನಿಂತುಕೊಂಡ. ಸಾವಂತ್ರಿ ಹೆಬ್ಬೆರಳನ್ನು ಅವನ ಹಣೆಯ ಮೇಲೆ ಎಳೆದು, ಕೆನ್ನೆಗೆ ಇಳಿಸಿ, “ಕಿವಿ ಹತ್ರ ಇನ್ನೂ ಐತೆ, ತೊಳ್ಕೊಂಬಾ,” ಅಂದಳು. ಅವನು ಕಣ್ಣು ಬಿಟ್ಟ. ಆಕಾಶವೇನೂ ಕಳಚಿ ಬಿದ್ದಿರಲಿಲ್ಲ. ಅವನ ಹಿಂದೆ ಸಾಲು ಬೆಳೆಯಿತು.

ಕೊಳದ ಹತ್ತಿರ ಸೀಗೆಪುಡಿ ಹಂಚಿ ಹಂಚಿ ನನ್ನ ಕೈ ಸೋತಿತು. ತೊಳೆಯುವುದು, ಓಡಿ ಬಂದು ಮುಖ ಒಡ್ಡುವುದು, ಅವಳು ಹೆಬ್ಬೆರಳು ಎಳೆದು ಹೂಂ ಎನ್ನುವುದು ಅಥವಾ ವಾಪಸು ಕಳಿಸುವುದು. ಮುದುಕಿಯರ ಸುಕ್ಕು ಬಿಡಿಸಿ ನೋಡಿದಳು, ಕೂಸುಗಳ ಕೆನ್ನೆ ಸವರಿದಳು. ಕೊನೆಗೆ ಕೆಂಚಪ್ಪನೊಬ್ಬ ಉಳಿದ. ಒದ್ದೆ ಮುಖದಲ್ಲಿ ಬಂದು ಅವಳ ಮುಂದೆ ನಿಂತ. ಅವಳು ಹಣೆ, ಮೂಗು, ಗದ್ದ, ಎಲ್ಲಾ ಮುಟ್ಟಿ, “ಹೋಗೈತೆ, ನಿಂತ್ಕೋ ಹೋಗಣ್ಣ,” ಅಂದಳು. ಕೆಂಚಪ್ಪ ಎರಡು ಮೆಟ್ಟಿಲು ಹತ್ತಿದವನು ತಿರುಗಿ, “ನೀನೂ ಬಾರಮ್ಮಿ, ಹೊತ್ತಾಯ್ತು,” ಅಂದ. ಅವನ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಅವಳ ಮುಖ ಮುಟ್ಟಿ ನೋಡಲು ನಾನು ಹೋದೆ. ತೊಳೆಯಲು ಅವಳಿಗೆ ಪುರಸೊತ್ತೇ ಆಗಿರಲಿಲ್ಲ, ಆದರೆ ಕಣ್ಣೀರು ಇಳಿದು ಇಳಿದು ಕೆನ್ನೆ ಎರಡೂ ಒದ್ದೆಯಾಗಿತ್ತು. ಉಳಿದದ್ದನ್ನು ನಾನು ಒದ್ದೆ ಸೆರಗಿನಿಂದ ಗಸಗಸ ಉಜ್ಜಿದೆ. “ಬೇಗ ಬೇಗ!” ಎಂದು ಶಾಮರಾಯರು ಕೂಗುತ್ತಿದ್ದರು. ಅವಳ ರಟ್ಟೆ ಹಿಡಿದು ಎಳೆದುಕೊಂಡು ಓಡಿದೆ. ಮೆಟ್ಟಿಲ ಮೇಲೆ ಜನ ಅದು ಹೇಗೆ ಒತ್ತಿಕೊಂಡಿದ್ದರೆಂದರೆ ಬರೀ ತಲೆಗಳು. ಯಾರದೋ ಕಂಕುಳ ಕೆಳಗೆ ನಾನು ತೂರಿದೆ, ಇನ್ನಾರೋ ಅವಳನ್ನು ಮೇಲಕ್ಕೆ ಎಳೆದುಕೊಂಡರು. ಕೈ ಬಿಟ್ಟುಹೋಯಿತು. ಅವಳು ಎಲ್ಲಿ ಸಿಕ್ಕಿಕೊಂಡಳೋ ನನಗೆ ಕಾಣಲಿಲ್ಲ, ಅವಳಿಗೂ ಗೊತ್ತಾಗಿರಲಿಕ್ಕಿಲ್ಲ. ಟಕ್ಕೆಂದು ಪೆಟ್ಟಿಗೆ ಸದ್ದು ಮಾಡಿತು. ಇಷ್ಟೇನಾ ಎಂದು ಯಾರೋ ಕೇಳಿದರು.

ಮುದ್ದಯ್ಯ ಹಾರ್ನ್ ಹೊಡೆಯುತ್ತಿರುವಾಗಲೇ ಶಾಮರಾಯರು ಹಸಿ ಫೋಟೋವನ್ನು ಮಿಲ್ಲಿನ ಬಾಗಿಲಿಗೆ ಅಂಟಿಸಿ, ಚೀಲ ಹೆಗಲಿಗೇರಿಸಿ ಓಡಿದರು. ತಮ್ಮಲ್ಲಿದ್ದ ಅತಿ ದೊಡ್ಡ ಕಾಗದದ ಮೇಲೆ ತೆಗೆದಿದ್ದರು, ಆದರೂ ಒಂದೊಂದು ಮುಖ ಹುಣಸೆಬೀಜದಷ್ಟೇ. ಜನ ಅದಕ್ಕೆ ಮುತ್ತಿಕೊಂಡರು. ಎಲ್ಲರ ಮುಖವೂ ಬಂದಿತ್ತು! ಮೂಗು, ಮೀಸೆ, ಮೂಗುತಿ, ಒಬ್ಬೊಬ್ಬರದೂ ಸ್ಪಷ್ಟವಾಗಿತ್ತು. ಅಕ್ಕಪಕ್ಕದವರನ್ನು ಗುರುತಿಸುತ್ತಾ ಕೂಗಿದ್ದೇ ಕೂಗಿದ್ದು. ಕೂಗಾಟದ ನಡುವೆ ಒಬ್ಬೊಬ್ಬರೇ ಪೆಚ್ಚಾಗಿ ಸುಮ್ಮನಾಗತೊಡಗಿದರು. ಎಲ್ಲರೂ ಸಿಕ್ಕಿದರು, ತಾನು ಯಾರು? ತನ್ನ ಮುಖ ಹೇಗಿದೆ ಎಂದು ಗೊತ್ತಿದ್ದರೆ ತಾನೇ ಹುಡುಕುವುದು! ಆಮೇಲೆ ಯಾರಿಗೋ ಉಪಾಯ ಹೊಳೆಯಿತು. ಗೊತ್ತಿರುವವರನ್ನೆಲ್ಲ ಬಿಟ್ಟುಕೊಂಡು ಹೋಗಿ, ಗೊತ್ತಿಲ್ಲದ ಒಂದು ಮುಖ ಸಿಗುತ್ತದಲ್ಲ, ಅದೇ ನೀವು. ಹಾಗೆ ಹುಡುಕಿ ನಾನು ನನ್ನನ್ನು ಹಿಡಿದೆ. ಯಾರೋ ಗುಂಡುಮೂಗಿನ ಹೆಂಗಸು, ಯಾರದೋ ಕಂಕುಳ ಕೆಳಗಿಂದ ಲೋಕವನ್ನೇ ವಿಚಾರಿಸಿಕೊಳ್ಳುವವಳಂತೆ ನೋಡುತ್ತಿದ್ದಾಳೆ. ಇಷ್ಟು ವರ್ಷ ಈ ಮೂಗನ್ನು ದಿನಾ ಒರೆಸಿದವಳು ಒಂದು ಮಾತು ಹೇಳಬಾರದಿತ್ತೇ! ನಕ್ಕೂ ನಕ್ಕೂ ನನಗೆ ಹೊಟ್ಟೆ ನೋವು ಬಂತು.

ಸಾವಂತ್ರಿಯನ್ನು ನಾನು ಆಗಲೇ ನೋಡಿಬಿಟ್ಟಿದ್ದೆ, ಮೇಲಿನಿಂದ ಎರಡನೇ ಸಾಲಿನಲ್ಲಿ. ತೋರಿಸಲು ಕೈ ಎತ್ತಿದೆ. ಅವಳು ನನ್ನ ಕೈ ಹಿಡಿದುಕೊಂಡಳು. “ಬ್ಯಾಡ. ಯಾರೂ ತೋರ್ಸಬ್ಯಾಡಿ. ನಾನೇ ಹುಡುಕ್ತೀನಿ,” ಅಂದಳು. ಜನ ಅವಳಿಗೆ ದಾರಿ ಬಿಟ್ಟರು.

ಕೆಳಗಿನ ಸಾಲಿನಿಂದ ಶುರುಮಾಡಿದಳು. ಬೆರಳನ್ನು ಕಾಗದಕ್ಕೆ ತಾಗಿಸದೆ ಒಂದೊಂದು ಮುಖದ ಮೇಲೆ ಹಿಡಿದು, ಹೆಸರು ಹೇಳುತ್ತಾ ಹೋದಳು. ಮುದ್ದಯ್ಯ. ಅವನ ಹೆಂಡ್ತಿ. ಮಗ್ಗದ ಮನೆಯವರು. ಕೆಂಚಪ್ಪ. ರಂಗಿ. ಬಸ್ಸಿನ ಜೊತೆ ಹೋಗಿದ್ದ ಮುದ್ದಯ್ಯನೊಬ್ಬನನ್ನು ಬಿಟ್ಟು, ಅವಳು ಹೇಳಿದ ಹೆಸರಿನವರು ಹಿಂದಿನಿಂದ ಹೂಂಗುಟ್ಟುತ್ತಿದ್ದರು.  ಬೆರಳು ಸಾಲು ಸಾಲಾಗಿ ಹತ್ತಿ ಮೇಲಿನಿಂದ ಎರಡನೆಯದಕ್ಕೆ ಬಂತು, ಇನ್ನೂ ಮೂರು ಹೆಸರು ಹೇಳಿತು, ನಿಂತಿತು.

“ಇವ್ಳ್ಯಾರು?” ಅಂದಳು ಸಾವಂತ್ರಿ. “ಇವ್ಳು ನಮ್ಮೂರೋಳಲ್ಲ.”

 ಅವಳು ಬಾಗಿ, ಮೂಗು ಕಾಗದಕ್ಕೆ ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಹೆಂಗಸಿಗೆ ಅಗಲವಾದ ಹಣೆ, ಬಲಹುಬ್ಬು ಒಂಚೂರು ಮೇಲೆ, ಕಣ್ಣಿನ ಸುತ್ತ ಗೆರೆ, ಬೈತಲೆಯ ಎರಡೂ ಕಡೆ ಬೆಳ್ಳಗಾದ ಕೂದಲು. ಸಾವಂತ್ರಿ ಬೆರಳನ್ನು ಆ ಬಿಳಿ ಕೂದಲಿನ ಮೇಲೆ ತಂದು ನಿಲ್ಲಿಸಿದಳು.

“ಅವ್ವಾ,” ಅಂದಳು, “ನಿಂಗೂ ವಯಸ್ಸಾಯ್ತಲ್ಲೇ!”